ಅನ್ನಪಾನನಿರೋಧ ಮತ್ತು ಔಷಧಪರೀಕ್ಷೆ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಬಾಲಕರಿಗೆ ಬೋಧಿಸುವಾಗಲೆಲ್ಲ ನನ್ನ ಕಣ್ಣೆದುರು ನಿಲ್ಲುತ್ತಿದ್ದುದು ಗಾಡಿಯ ಎತ್ತು, ಗೂಟದ ಹಸು. ಔಷಧಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ನನ್ನ ಮೊಮ್ಮಗಳು ಕಳೆದ ಅಷ್ಟಾಹ್ನಿಕ ಪರ್ವಕ್ಕೆ ಮನೆಗೆ ಬಂದ ಮೇಲೆ ಆ ಚಿತ್ರ ಬದಲಾಯಿತು.

ಅವಳಿಗೆ ಕೊಟ್ಟ ಪ್ರಬಂಧವಿಷಯ, ಅತಿಸಾರದಲ್ಲಿ ಕುಟಜದ ತೊಗಟೆಯ ಗುಣಪರೀಕ್ಷೆ. ಕ್ರಮವನ್ನು ಅವಳೇ ವಿವರಿಸಿದಳು. ಇಲಿಗಳಿಗೆ ಹಿಂದಿನ ದಿನವೇ ಆಹಾರವನ್ನು ತಡೆಯುತ್ತಾರೆ. ಕೆಲವಕ್ಕೆ ತೊಗಟೆಯ ಸಾರ, ಕೆಲವಕ್ಕೆ ಲೋಪೆರಮೈಡ್, ಕೆಲವಕ್ಕೆ ಬರಿಯ ನೀರು. ಬಳಿಕ ಎಲ್ಲವಕ್ಕೂ ಹರಳೆಣ್ಣೆ ಕುಡಿಸಿ ಭೇದಿ ಹುಟ್ಟಿಸಿ, ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದ ಒದ್ದೆ ಮಲವನ್ನು ನಾಲ್ಕು ಗಂಟೆಗಳ ಕಾಲ ಎಣಿಸುತ್ತಾರೆ. ಇನ್ನೊಂದು ಪರೀಕ್ಷೆಯಲ್ಲಿ ಇದ್ದಿಲಪುಡಿ ಕಲಸಿದ ದ್ರವವನ್ನು ಕುಡಿಸಿ, ಸ್ವಲ್ಪ ಹೊತ್ತಿನಲ್ಲಿ ಕೊಂದು, ಕರುಳನ್ನು ಹೊರತೆಗೆದು, ಕಪ್ಪು ಎಷ್ಟು ದೂರ ಸಾಗಿತೆಂದು ಅಳೆಯುತ್ತಾರೆ. ಅಂದು ನನಗೆ ಉಪವಾಸವಿತ್ತು. ನಾನು ಪ್ರತ್ಯಾಖ್ಯಾನಪೂರ್ವಕ ಬಿಟ್ಟ ಆಹಾರವನ್ನು ಆ ಪಂಚೇಂದ್ರಿಯ ಜೀವಿಯಿಂದ ಕಸಿದುಕೊಳ್ಳಲಾಗುತ್ತದೆ.

"ಇದು ಉದ್ಯೋಗೀ ಹಿಂಸೆಯಲ್ಲವೇ, ಅಜ್ಜಾ?" ಎಂದಳು.

ಉದ್ಯೋಗೀ ಹಿಂಸೆಯಲ್ಲಿ ಜೀವಘಾತ ಉದ್ದೇಶವಲ್ಲ. ನೇಗಿಲಿಗೆ ಹುಳು ಸಿಕ್ಕದಿದ್ದರೂ ಹೊಲದ ಉಳುಮೆ ನಡೆಯುತ್ತದೆ. ಇಲ್ಲಿಯೋ, ಇಲಿಯ ಬೇನೆಯಿಲ್ಲದೆ ಪರೀಕ್ಷೆಯೇ ಇಲ್ಲ. ಆದುದರಿಂದ ಇದು ಸಂಕಲ್ಪೀ ಹಿಂಸೆಯೆಂದೇ ನನ್ನ ನಿರ್ಣಯ. ಶಿಶುಗಳು ಬದುಕಲೆಂಬ ಸದ್ಭಾವ ಕಷಾಯವನ್ನು ಮಂದಗೊಳಿಸೀತು (ಕ್ರೋಧಾದಿ ಕಷಾಯವೆಂದೇ ತಿಳಿಯಬೇಕು, ತೊಗಟೆಯದಲ್ಲ!), ಕೃತ್ಯದ ಹೆಸರನ್ನು ಬದಲಿಸದು.

"ಹಳೆಯ ಮದ್ದೆಂಬ ನಂಬಿಕೆಯಿಂದ ಪರೀಕ್ಷಿಸದೆ ಮಗುವಿಗೆ ಕುಡಿಸಿದರೆ ಅದು ಪ್ರಮಾದವಾಗದೇ?" ಎಂಬ ಅವಳ ಮರುಪ್ರಶ್ನೆ ಮಾತ್ರ ನನ್ನನ್ನು ಕಟ್ಟಿಹಾಕಿತು. ಪ್ರಮಾದವೇ ಹಿಂಸೆಯ ಮೂಲವೆಂದು ಕಲಿಸಿದವನು ನಾನೇ.

ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯವನ್ನು ಬೋಧಿಸಿದರು. ಅಂದಿನಿಂದ ಮದ್ದಿನೊಳಗೆ ಏನಿದೆಯೆಂದು ಶೋಧಿಸುತ್ತ ಬಂದ ನಾವು, ಮದ್ದಿನ ಜ್ಞಾನ ಎಲ್ಲಿಂದ ಬಂತೆಂದು ಕೇಳಿದ್ದು ಕಡಿಮೆ. 1971ರಲ್ಲಿ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರಿನಿಂದಲೇ ಕಾಲರಾ ಮರಣವನ್ನು ನೂರಕ್ಕೆ ಸುಮಾರು 30ರಿಂದ 4ಕ್ಕಿಂತ ಕೆಳಗಿಳಿಸಿದ್ದನ್ನು ನಾನು ಸಮಾಧಾನದಿಂದ ಸ್ಮರಿಸಿದೆ. ಸಕ್ಕರೆಯೊಡನೆ ಉಪ್ಪೂ ಕರುಳಿನೊಳಕ್ಕೆ ಸಾಗುವ ತತ್ತ್ವವನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಕರುಳಿನಲ್ಲಿಯೇ ಅಭ್ಯಸಿಸಿದ್ದರೆಂದು ಅವಳು ತಿಳಿಸಿದಳು. ಸಮ್ಮೇದ ಶಿಖರಜಿಯ ಯಾತ್ರೆಯಲ್ಲಿ ಭೇದಿಯಾದಾಗ ನಾನು ನುಂಗಿದ್ದು ಅದೇ ಲೋಪೆರಮೈಡ್. ಕೃತ, ಕಾರಿತಗಳಲ್ಲಿ ನಾನಿಲ್ಲ; ಅನುಮೋದನೆಯಲ್ಲಿ ಇಲ್ಲವೆನ್ನಲಾರೆ.

ಈಗಾಗಲೇ ಕುಟಜವನ್ನು ಸೇವಿಸುತ್ತಿರುವ ವಯಸ್ಕ ರೋಗಿಗಳ ಒಪ್ಪಿಗೆ ಪಡೆದು ಗುಣದೋಷಗಳನ್ನು ದಾಖಲಿಸುವ ವಿಷಯ ಕೊಡಬೇಕೆಂದು ಅವಳು ಮಾರ್ಗದರ್ಶಕರಿಗೆ ಬರೆದಿದ್ದಾಳೆ. ಒಪ್ಪಿದರೂ ಒಂದು ವರ್ಷ ಹೆಚ್ಚು ಹಿಡಿದೀತು. ಉತ್ತರ ಬಂದಿಲ್ಲ. ಅವಳು ಹೊರಟ ಸಂಜೆ ಪ್ರತಿಕ್ರಮಣಕ್ಕೆ ಕುಳಿತು, ಆ ಯಾತ್ರೆಯ ಗುಳಿಗೆಯನ್ನೂ ಸೇರಿಸಿ ಆಲೋಚನೆ ಮಾಡಿದೆ.