ಯಾಕೆ ಬರಲಿಲ್ಲ ಎಂದು ಕೇಳುವವರು

ಮಕ್ಕಳನ್ನು ಶಾಲೆಗೆ ಕಳಿಸಬೇಕೋ, ಮನೆಯಲ್ಲೇ ಕಲಿಸಬೇಕೋ ಎಂಬ ಚರ್ಚೆ ಬೆಂಗಳೂರಿನ ಗೆಳೆಯರ ನಡುವೆ ಎದ್ದಾಗಲೆಲ್ಲ ನನಗೆ ಒಂದು ಮಾತು ನಾಲಿಗೆ ತುದಿಗೆ ಬರುತ್ತದೆ: ನಮ್ಮ ಚಿತ್ರದುರ್ಗದ ಕಡೆ ಆ ಪ್ರಯೋಗ ಆಗಲೇ ನಡೆದುಹೋಗಿದೆ ಕಣ್ರಪ್ಪಾ. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಅಷ್ಟೂ ಕಾಲ ಹಿರಿಯೂರಿನ ಗೊಲ್ಲರಹಟ್ಟಿಯಿಂದ ಹಿಡಿದು ಹೊಳಲ್ಕೆರೆಯ ತಾಂಡಾದವರೆಗೆ ಒಂದೊಂದು ಮಗುವೂ ಮನೆಯಲ್ಲೇ ಕಲಿಯಬೇಕಾದ ಮಗುವಾಗಿತ್ತು.

ಕಲಿಸುವ ಪ್ರಯತ್ನ ಆಗಲಿಲ್ಲವೆಂದಲ್ಲ. ಚಂದನ ವಾಹಿನಿಯಲ್ಲಿ ಪಾಠ ಬಂತು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳು ಬೈಕಿನಲ್ಲಿ ಊರೂರಿಗೆ ಹೋಗಿ ಅರಳಿಕಟ್ಟೆಯಲ್ಲಿ, ಗುಡಿಯ ಹಜಾರದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಪರಿಚಯದ ಮೇಷ್ಟ್ರೊಬ್ಬರ ಬೈಕಿನ ಹಿಂದೆ ಕೂತು ಹೊಳಲ್ಕೆರೆ ಸೀಮೆಯ ಒಂದು ತಾಂಡಾಕ್ಕೆ ನಾನೂ ಹೋಗಿದ್ದೆ. ಬೇವಿನ ಮರದಡಿ ಚಾಪೆ ಹಾಸಿ ಅರ್ಧ ಗಂಟೆ ಕಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಒಬ್ಬಳ ಸೊಂಟದ ಮೇಲೆ ತಮ್ಮ, ಇನ್ನೊಬ್ಬನ ಕೈಯಲ್ಲಿ ಮೇಕೆಯ ಹಗ್ಗ. ಮೇಷ್ಟ್ರು ಮಗ್ಗಿ ಶುರುಮಾಡುವ ಮೊದಲು ಬರದವರ ಹೆಸರು ಹಿಡಿದು ಕೇಳಿದರು. ‘ಅವ್ಳು ಈರುಳ್ಳಿ ಕೀಳಕ್ಕೆ ಹೋಗವ್ಳೆ ಸಾ.’ ‘ಅವ್ನು ಅವರ ಮಾವನ ಜೊತೆ ಕುರಿ ಹಿಂದೆ ಹೋದ.’ ಮೇಷ್ಟ್ರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಫಲಿತಾಂಶ ಅಂಕಿಯಲ್ಲಿದೆ. ‘ಅಸರ್’ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹಳ್ಳಿಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19 ಮಂದಿ. 2022ರಲ್ಲಿ 9ರ ಆಸುಪಾಸು. ಶಾಲೆ ಇದ್ದಾಗಲೂ 19 ಎಂಬುದನ್ನು ಶಾಲೆಯ ಪರ ವಾದಿಸುವವರು ನುಂಗಿಕೊಳ್ಳಬೇಕು. ಶಾಲೆ ಇಲ್ಲದಾಗ ಅದರ ಅರ್ಧಕ್ಕೆ ಇಳಿಯಿತು ಎಂಬುದನ್ನು ಮನೆಯ ಪರ ವಾದಿಸುವವರು.

‘ಇದು ನ್ಯಾಯವಾದ ಹೋಲಿಕೆಯಲ್ಲ’ ಎಂದ ನನ್ನ ಗೆಳೆಯ. ಅವನು ಬೆಂಗಳೂರಿನ ಕೆಲಸ ಬಿಟ್ಟು ಹಿರಿಯೂರಿನ ಬಳಿ ತೆಂಗಿನ ತೋಟ ಮಾಡಿಕೊಂಡಿರುವವನು. ಮಗಳನ್ನು ಯಾವ ಶಾಲೆಗೂ ಸೇರಿಸಿಲ್ಲ. ‘ಅದು ಮನೆಶಾಲೆ ಅಲ್ಲ ಮಾರಾಯ, ಬರೀ ಶಾಲೆಗೆ ಬೀಗ. ಮನೆಯಲ್ಲಿ ಕಲಿಸೋದಂದ್ರೆ ಯಾರಾದ್ರೂ ಕೂತು ಕಲಿಸಬೇಕು ತಾನೆ?’ ಈ ಮಾತಿನಲ್ಲಿ ಅವನ ಸಮರ್ಥನೆಯೂ ಇದೆ, ಅವನ ವಾದದ ಮಿತಿಯೂ ಇದೆ.

ಸಮರ್ಥನೆ ಮೊದಲು ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಮಾರಿಕಣಿವೆ ಎಂದೂ ಕರೆಯುವ ಆ ಜಲಾಶಯ ತುಂಬಿ ಹರಿದದ್ದು 1933ರ ನಂತರ ಅದೇ ಮೊದಲು. ಇಡೀ ಜಿಲ್ಲೆ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು. ಗೆಳೆಯ ಮಗಳನ್ನು ಕರೆದುಕೊಂಡು ಹೋದವನು ಆ ಕೋಡಿಯಿಂದಲೇ ಒಂದು ವರ್ಷದ ಪಾಠ ತೆಗೆದ. 2022ರಲ್ಲಿ 1933 ಕಳೆದರೆ ಎಷ್ಟು? ಅಷ್ಟು ವರ್ಷ ಯಾಕೆ ತುಂಬಲಿಲ್ಲ? ವೇದಾವತಿ ಎಲ್ಲಿ ಹುಟ್ಟುತ್ತಾಳೆ, ದಾರಿಯಲ್ಲಿ ಎಷ್ಟು ಕೆರೆಗಳು ಅವಳನ್ನು ಹಿಡಿಯುತ್ತವೆ? ಜಲಾಶಯದ 130 ಅಡಿ ಎಂದರೆ ನಮ್ಮ ತೆಂಗಿನ ಮರದ ಎಷ್ಟು ಪಟ್ಟು? ಆ ಹುಡುಗಿ ಅಜ್ಜನನ್ನು ಕೇಳಿ ಹಳೇ ಬರಗಾಲಗಳ ಪಟ್ಟಿ ಮಾಡಿದಳು. ಪಕ್ಕದ ತೋಟದ ಬೋರ್‌ವೆಲ್ ಆಳ ಬರೆದುಕೊಂಡು ಬಂದಳು. ಐವತ್ತು ಮಕ್ಕಳ ತರಗತಿಯಲ್ಲಿ, ಗಂಟೆ ಹೊಡೆದ ಕೂಡಲೇ ಗಣಿತ ಮುಚ್ಚಿ ಸಮಾಜ ತೆಗೆಯುವ ಶಾಲೆಯಲ್ಲಿ, ಇಂಥ ಕಲಿಕೆ ಕಷ್ಟ. ಒಪ್ಪಿದೆ.

ಕಾನೂನು ಅವನಿಗೆ ಪೂರ್ತಿ ಒಲಿದಿಲ್ಲ, ಪೂರ್ತಿ ಮುನಿದೂ ಇಲ್ಲ. 2002ರ 86ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 51ಎ(ಕೆ) ವಿಧಿ ಆರರಿಂದ ಹದಿನಾಲ್ಕರ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಶಾಲೆ ಎನ್ನುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಮಾತ್ರ ನೆರೆಯ ಶಾಲೆಗೆ ಸೇರಿಸಬೇಕು ಎನ್ನುತ್ತದೆ. ಸೇರಿಸದ ಪೋಷಕನಿಗೆ ಶಿಕ್ಷೆ ಏನೆಂದು ಅದು ಹೇಳಿಲ್ಲ. ಆ ಸಂದಿಯಲ್ಲಿ ದೇಶದ ಮನೆಶಾಲೆಗಳೆಲ್ಲ ಬದುಕಿವೆ. ಮುಂದೆ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಯೋ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಯೋ ಇದ್ದೇ ಇದೆ. ಜರ್ಮನಿಯಲ್ಲಾದರೆ ಇಷ್ಟಕ್ಕೂ ಜಾಗವಿಲ್ಲ, ಅಮೆರಿಕದಲ್ಲಾದರೆ ಐವತ್ತೂ ರಾಜ್ಯಗಳಲ್ಲಿ ಇದು ಹಕ್ಕು.

ಇನ್ನು ಮಿತಿ. ‘ಯಾರಾದ್ರೂ ಕೂತು ಕಲಿಸಬೇಕು’ ಅಂದನಲ್ಲ, ಆ ಕೂರುವ ಯಾರಾದರೊಬ್ಬರು ಎಷ್ಟು ಮನೆಯಲ್ಲಿದ್ದಾರೆ? ಕುವೆಂಪು ಎಳವೆಯಲ್ಲಿ ಕಲಿತದ್ದು ಕುಪ್ಪಳಿಯ ಮನೆಯಲ್ಲೇ. ದಕ್ಷಿಣ ಕನ್ನಡದಿಂದ ಮೇಷ್ಟ್ರೊಬ್ಬರನ್ನು ಕರೆಸಿ ಇರಿಸಿಕೊಂಡಿದ್ದರು. ಆಮೇಲೆ ತೀರ್ಥಹಳ್ಳಿಯ ಶಾಲೆ. ಮೇಷ್ಟ್ರಿಗೆ ಮೂರು ಹೊತ್ತು ಊಟ ಹಾಕಿ ಸಾಕುವ ಶಕ್ತಿ ಆ ಮನೆಗಿತ್ತು. ನಮ್ಮ ಬಯಲುಸೀಮೆಯಲ್ಲಿ ಅಂಥ ಮನೆಗಳು ಕಡಿಮೆ, ಇಲ್ಲಿದ್ದದ್ದು ಕೂಲಿಮಠ. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಕಾಸಿಲ್ಲದವರು ಕಾಳು ಅಳೆಯುತ್ತಿದ್ದರು. ಕಲಿಸುವವರು ತಮ್ಮವರು, ಕಲಿಯುವವರೂ ತಮ್ಮವರೇ. ಕೆಳಗಿನ ಕೇರಿಯ ಮಗುವಿಗೆ ಆ ಮರಳಿನ ಮೇಲೆ ಬೆರಳಿಡಲು ಬಿಡುತ್ತಿರಲಿಲ್ಲ.

ಸರ್ಕಾರಿ ಶಾಲೆಯ ದಾರಿ ಬೇರೆ. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ.ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ತಂದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಇವೆರಡಕ್ಕಿಂತ ದೊಡ್ಡದು ಎಂದು ನಾನು ಭಾವಿಸುವುದು 1915ರ ಆದೇಶ: ಸರ್ಕಾರಿ ಶಾಲೆಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂದು ಹೊರಟ ಆದೇಶ. ಶೃಂಗೇರಿಯಿಂದ ವಿರೋಧ ಬಂತು. ಎಷ್ಟೋ ಊರಲ್ಲಿ ಮಕ್ಕಳನ್ನು ಸೇರಿಸಿಕೊಂಡೂ ಹೊರಗಿನ ಜಗಲಿಯಲ್ಲಿ ಕೂರಿಸಿದರು. ಆದರೂ ಕಾಗದದ ಮೇಲಾದರೂ ಹಾಗೆ ಹೇಳಬಲ್ಲ ಜಾಗ ಊರಿನಲ್ಲಿ ಶಾಲೆಯೊಂದೇ ಆಗಿತ್ತು. ಮನೆಗೆ ಯಾರೂ ಅಂಥ ಆದೇಶ ಕಳಿಸಲಾರರು. ಮನೆಯೆಂದರೆ ನಮ್ಮಲ್ಲಿ ಜಾತಿಯೂ ಹೌದು, ಕೇರಿಯೂ ಹೌದು.

ಮನೆ ಮಾಡಲಾರದ್ದನ್ನು ಕಂಡು ಹೊರಗೆ ಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂದು ಹೆಸರಿಟ್ಟುಕೊಂಡು ಜೋಳಿಗೆ ಹಿಡಿದು ಬೇಡಿ ಅನಾಥಸೇವಾಶ್ರಮ ಕಟ್ಟಿದರು, ಶಾಲೆಗಳನ್ನು ನಡೆಸಿದರು, ಹುಡುಗರಿಗೆ ಯೋಗ, ವ್ಯಾಯಾಮ ಕಲಿಸಿದರು. ಸಿರಿಗೆರೆಯ ಮಠ ಹಳ್ಳಿಹಳ್ಳಿಗೆ ಹೈಸ್ಕೂಲು ತಂದಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಾಟಕವನ್ನೇ ಪಾಠ ಮಾಡಿಕೊಂಡಿತು.

ಆದರೆ ಶಾಲೆಯ ಪರವಾಗಿ ಇಷ್ಟು ಹೇಳಿ ಕೈತೊಳೆದುಕೊಳ್ಳಲು ಸಿರಿಯಜ್ಜಿ ಬಿಡುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ. ಕಾಡುಗೊಲ್ಲರ ದೇವರ ಪದ, ಮದುವೆ ಪದ, ಸೋಬಾನೆ, ಹೀಗೆ ಸಾವಿರಾರು ಪದ ಅವಳ ನೆನಪಿನಲ್ಲಿದ್ದವು. ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವಳ ಬಳಿ ಹೋಗಿ ಕೂತು ಕೇಳಿ ಬರೆದುಕೊಂಡರು; ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಆಕೆ ಕಲಿತ ಬಗೆ ಯಾವ ಪಠ್ಯಕ್ರಮದಲ್ಲೂ ಇಲ್ಲ. ಹಿಟ್ಟು ಬೀಸುವಾಗ, ಕಳೆ ಕೀಳುವಾಗ, ಹಬ್ಬದ ರಾತ್ರಿಗಳಲ್ಲಿ ದೊಡ್ಡವರ ಸೊಲ್ಲಿಗೆ ಸೊಲ್ಲು ಸೇರಿಸುತ್ತ ಬಂದದ್ದು ಅದು. ಅವಳನ್ನು ಏಳನೇ ವಯಸ್ಸಿಗೆ ಶಾಲೆಗೆ ಹಾಕಿದ್ದರೆ ಏನಾಗುತ್ತಿತ್ತು? ಹಟ್ಟಿಯ ಮಾತಾಡಿದ್ದಕ್ಕೆ ಮಕ್ಕಳು ನಗುತ್ತಿದ್ದರು, ಮೇಷ್ಟ್ರು ತಿದ್ದುತ್ತಿದ್ದರು, ಎರಡೇ ವರ್ಷಕ್ಕೆ ‘ದಡ್ಡಿ’ ಎಂಬ ಪಟ್ಟ ಸಿಗುತ್ತಿತ್ತೇನೋ. ಇವತ್ತಿಗೂ ಕುರಿಯ ನಡಿಗೆ ನೋಡಿ ರೋಗ ಹೇಳುವ ಹುಡುಗ ನಮ್ಮ ಶಾಲೆಯಲ್ಲಿ ಹಿಂದಿನ ಸಾಲಿನಲ್ಲೇ ಇದ್ದಾನೆ. ಅವನು ಬಲ್ಲದ್ದನ್ನು ಕೇಳುವ ಒಂದು ಪ್ರಶ್ನೆಯೂ ಪ್ರಶ್ನೆಪತ್ರಿಕೆಯಲ್ಲಿ ಇರುವುದಿಲ್ಲ.

ಮನೆಶಾಲೆಯವರು ಇಂಥ ಉದಾಹರಣೆಗಳನ್ನು ಪ್ರೀತಿಯಿಂದ ಎತ್ತಿಕೊಳ್ಳುತ್ತಾರೆ. ಅರ್ಧ ಮಾತ್ರ ಎತ್ತಿಕೊಳ್ಳುತ್ತಾರೆ. ಪದ ಕಲಿಸಿದ ಹಟ್ಟಿಗಳೇ ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಊರಾಚೆಯ ಗುಡಿಸಲಿಗೆ ಕಳಿಸುತ್ತ ಬಂದದ್ದು. ಎರಡೂ ಒಂದೇ ಮನೆಯ ಪಾಠ. ಪದಕ್ಕೆ ಸೊಲ್ಲು ಸೇರಿಸುವ ಹುಡುಗಿ ಆ ಗುಡಿಸಲಿನ ಮಾತು ಬಂದಾಗ ‘ಯಾಕೆ’ ಎನ್ನಬೇಕಾದರೆ ಹಾಗೆ ಕೇಳಬಹುದು ಎಂದು ತೋರಿಸುವ ಇನ್ನೊಂದು ಜಾಗ ಅವಳಿಗೆ ಬೇಕು. ಆ ಜಾಗ ಚೆನ್ನಾಗಿಯೇ ಇರಬೇಕೆಂದಿಲ್ಲ. ಬೇರೆ ಇದ್ದರೆ ಸಾಕು. ಒಂದೇ ಬಾವಿಯ ನೀರು ಕುಡಿದವರಿಗೆ ಅದು ಉಪ್ಪೋ ಸಿಹಿಯೋ ಗೊತ್ತಾಗುವುದಿಲ್ಲ.

ಬೇವಿನ ಮರದಡಿಯ ಆ ಮೇಷ್ಟ್ರು ಬರದವರ ಹೆಸರು ಹಿಡಿದು ಕೇಳಿದ್ದು ಆಗ ನನಗೆ ಬರೀ ಅಭ್ಯಾಸಬಲದಂತೆ ಕಂಡಿತ್ತು. ಈಗ ಅನ್ನಿಸುತ್ತದೆ, ಶಾಲೆ ಕೊಡುವ ವಸ್ತುಗಳಲ್ಲಿ ಮಗ್ಗಿಗಿಂತ ಮೊದಲನೆಯದು ಅದೇ. ಮಗ್ಗಿಯನ್ನು ಮನೆಯಲ್ಲೂ ಕಲಿಯಬಹುದು, ಈಗ ಫೋನಿನಲ್ಲೂ ಕಲಿಯಬಹುದು. ಆದರೆ ಮನೆಗೆ ಸೇರದ ಒಬ್ಬ ದೊಡ್ಡ ಮನುಷ್ಯ ದಿನಾ ಬೆಳಗ್ಗೆ ಹತ್ತು ಗಂಟೆಗೆ ಪುಸ್ತಕ ತೆರೆದು ‘ಇವಳು ಯಾಕೆ ಬರಲಿಲ್ಲ’ ಎಂದು ಕೇಳುತ್ತಾನೆ ಎಂಬ ಏರ್ಪಾಡು ಬೇರೆಲ್ಲೂ ಇಲ್ಲ. ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೊರಟ ಕುಟುಂಬದ ಹುಡುಗಿ ಹಿಂದೆ ಉಳಿದಳೋ, ಲಾರಿ ಹತ್ತಿದಳೋ? ಒಂಬತ್ತನೇ ಕ್ಲಾಸಿನವಳು ವಾರದಿಂದ ಕಾಣದಿದ್ದರೆ ಮನೆಯಲ್ಲಿ ಮದುವೆಯ ಮಾತು ನಡೆದಿದೆಯೋ? ಆ ಹತ್ತೊಂಬತ್ತು ತಿಂಗಳಲ್ಲಿ ರಾಜ್ಯದಲ್ಲಿ ಬಾಲ್ಯವಿವಾಹದ ಪ್ರಕರಣಗಳು ಹೆಚ್ಚಿದ್ದು ಸುದ್ದಿಯಾಯಿತು. ಕೇಳುವ ಪುಸ್ತಕ ಮುಚ್ಚಿದ್ದ ಕಾಲ ಅದು. ಬಿಸಿಯೂಟವೂ ಹೀಗೇ. ತಟ್ಟೆ ಇಟ್ಟವರಿಗೆ ತಟ್ಟೆಯ ಮುಂದೆ ಯಾರಿಲ್ಲ ಎಂಬುದು ತಿಳಿಯುತ್ತದೆ.

ಈ ಮಾತನ್ನು ಗೆಳೆಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಮಗಳಿಗೇನು ಕೇಳುವವರು ಬೇಕಾಗಿಲ್ಲ, ನಾನಿದ್ದೀನಲ್ಲ’ ಎಂದ. ಎಲ್ಲ ಅಪ್ಪಂದಿರೂ ಹಾಗೇ ಹೇಳುತ್ತಾರೆ, ಹೇಳಬಾರದವರೂ ಹೇಳುತ್ತಾರೆ. ಯಾರು ಯಾರೆಂದು ಹೊರಗಿನವರಿಗೆ ತಿಳಿಯುವುದು ಹೇಗೆ ಎಂಬುದೇ ತೊಡಕು.

ಅವನ ಮೇಲೆ ನನಗೆ ಕೋಪವಿಲ್ಲ. ಊರ ಶಾಲೆಯನ್ನು ಬಡವಾಗಿಸಿದವನು ಅವನಲ್ಲ. ಬೆಳಗ್ಗೆ ಎಂಟಕ್ಕೆ ಹಳ್ಳಿಹಳ್ಳಿಗೆ ಬರುವ ಹಳದಿ ವ್ಯಾನುಗಳಿವೆಯಲ್ಲ, ಹೊಸದುರ್ಗ, ಹೊಳಲ್ಕೆರೆಗಳ ಕಾನ್ವೆಂಟಿಗೆ ಮಕ್ಕಳನ್ನು ತುಂಬಿಕೊಂಡು ಹೋಗುವಂಥವು, ಶಾಲೆ ಖಾಲಿಯಾದದ್ದು ಅವುಗಳಿಂದ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದ ಮಾಧ್ಯಮ ಪೋಷಕರ ಆಯ್ಕೆ ಎಂದ ಮೇಲಂತೂ ಆ ವ್ಯಾನನ್ನು ತಡೆಯುವ ಕೈ ಇಲ್ಲ. ಜೋರಾಗಿ ಮಾತಾಡಬಲ್ಲ ಅಪ್ಪ ಅಮ್ಮಂದಿರು ವ್ಯಾನಿನ ಜೊತೆ ಹೋದರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಉಳಿದವರು ಕೂಲಿ ಬಿಟ್ಟು ಬರಲಾರದವರು. ಹೀಗಿರುವಾಗ ಮಗಳ ಜೊತೆ ನಾಲೆಯ ನೀರು ಅಳೆಯುತ್ತ ಕೂತ ಒಬ್ಬ ತೆಂಗಿನ ತೋಟದವನನ್ನು ದೂರಿ ಏನು ಬಂತು?

ಆದರೆ ಅವನಂಥವರ ಬಿಡುವು ಮತ್ತು ತಾಳ್ಮೆ ಊರಿನ ಶಾಲೆಗೆ ಸಿಗದಿರುವುದು ನನಗೆ ಕೊರತೆಯಾಗಿ ಕಾಣುತ್ತದೆ. ಈಗಿನ ನಿಯಮದಲ್ಲಿ ಮಗುವಿನ ಹೆಸರು ದಾಖಲಾತಿಯಲ್ಲಿಲ್ಲದ ಅಪ್ಪ ಪೋಷಕನಾಗಿ ಎಸ್‌ಡಿಎಂಸಿಗೆ ಬರುವಂತಿಲ್ಲ. ಹಾಗಿದ್ದರೆ ಹೆಸರು ಊರ ಶಾಲೆಯಲ್ಲೇ ಇರಲಿ, ಕಲಿಕೆ ಬೇಕಿದ್ದಷ್ಟು ಮನೆಯಲ್ಲಾಗಲಿ. ಆಟಕ್ಕೆ, ಊಟಕ್ಕೆ, ಪರೀಕ್ಷೆಗೆ ಮಗು ಶಾಲೆಗೆ ಬರಲಿ, ಬದಲಿಗೆ ಅಪ್ಪ ವಾರಕ್ಕೊಮ್ಮೆ ಬಂದು ಅಲ್ಲಿನ ಎಲ್ಲ ಮಕ್ಕಳಿಗೂ ಕೋಡಿಯ ಲೆಕ್ಕ ಹೇಳಿಕೊಡಲಿ. ಹಟ್ಟಿಯ ಅಜ್ಜಿಯರೂ ಒಂದು ದಿನ ಬಂದು ಪದ ಹೇಳಲಿ. ಗೆಳೆಯ ಒಪ್ಪುವ ಹಾಗೆ ಕಂಡ. ‘ಬಾ, ಮೇಷ್ಟ್ರನ್ನೇ ಕೇಳೋಣ’ ಎಂದ.

ಊರ ಶಾಲೆಯ ಮುಖ್ಯಶಿಕ್ಷಕರು ಎಲ್ಲ ಕೇಳಿಸಿಕೊಂಡರು. ಐದು ತರಗತಿಗೆ ಇದ್ದವರು ಇಬ್ಬರೇ ಮೇಷ್ಟ್ರು; ಇನ್ನೊಬ್ಬರು ಆ ದಿನ ಯಾವುದೋ ಗಣತಿಗೆ ಹೋಗಿದ್ದರು. ಬಿಸಿಯೂಟದ ಮೊಟ್ಟೆಯ ಲೆಕ್ಕವನ್ನು ಫೋನಿಗೆ ಏರಿಸುತ್ತಿದ್ದವರು ತಲೆಯೆತ್ತಿ, ‘ಬಹಳ ಒಳ್ಳೇ ಯೋಚನೆ ಸಾರ್. ಅಣ್ಣಾವ್ರು ಈಗಲೇ ಬಂದಿದ್ದಾರಲ್ಲ, ಮೂರನೇ ಕ್ಲಾಸು ಖಾಲಿ ಕೂತಿದೆ, ಸ್ವಲ್ಪ ನೋಡ್ಕೊಳ್ತೀರಾ?’ ಎಂದರು.

ಗೆಳೆಯ ಒಳಗೆ ಹೋದ. ಹಾಜರಿ ಪುಸ್ತಕ ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿ ಕೇಳಿದ.