ಗೋಡೆಯಿಲ್ಲದ ಊರಿನ ಮನೆ

(ಯಾಜಕಕಾಂಡ 25ನೆಯ ಅಧ್ಯಾಯ, 29ರಿಂದ 31ನೆಯ ವಚನಗಳು)



ಈ ವಚನಗಳನ್ನು ನಮ್ಮ ಸಭೆಗಳಲ್ಲಿ ಓದುವದು ಅಪರೂಪ. ಬಲಿಗಳ ವಿಧಿಯೆಂದು ಎಣಿಸಿ ಯಾಜಕಕಾಂಡವನ್ನು ದಾಟಿ ಹೋಗುತ್ತೇವೆ. ಆದರೆ ಮನೆಯ ಜಾಗದ ವಿಷಯವಾಗಿ ಊರೂರಲ್ಲಿ ವಾದ ನಡೆದಿರುವ ಈ ದಿವಸಗಳಲ್ಲಿ ಇವುಗಳನ್ನು ನಿಧಾನವಾಗಿ ಓದತಕ್ಕದ್ದು. ದೇವರು ಇಲ್ಲಿ ಎರಡು ತರದ ಮನೆಗಳನ್ನು ಬೇರೆ ಮಾಡುತ್ತಾನೆ. ಗೋಡೆಯುಳ್ಳ ಪಟ್ಟಣದೊಳಗಿನ ಮನೆಯನ್ನು ಮಾರಿದವನು ಒಂದು ವರುಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನದೇ ಆಗುವದು. ಗೋಡೆಯಿಲ್ಲದ ಹಳ್ಳಿಯ ಮನೆಯಾದರೋ ಹೊಲದ ಲೆಕ್ಕಕ್ಕೆ ಸೇರಿದ್ದು. ಅದನ್ನು ಬಿಡಿಸಿಕೊಳ್ಳುವ ಹಕ್ಕು ತಪ್ಪದು, ಜೂಬಿಲಿ ಸಂವತ್ಸರದಲ್ಲಿ ಅದು ಹೇಗೂ ಮೊದಲಿನವನ ಕೈಸೇರುವದು. ಈ ಭೇದವೇಕೆ? ನನಗೆ ತೋರುವದೇನಂದರೆ, ಪಟ್ಟಣದವನಿಗೆ ಮನೆ ಹೋದರೂ ವ್ಯಾಪಾರ ಉಳಿದೀತು. ಹಳ್ಳಿಯವನಿಗೆ ಮನೆ ಹೋದರೆ ಹೊಲವೂ ದೂರವಾಗಿ ಅನ್ನವೂ ಹೋಗುವದು. ಬಡವನು ತನ್ನ ಸ್ಥಳದಿಂದ ಕಿತ್ತುಹೋಗಬಾರದೆಂದೇ ಕರ್ತನು ಗೆರೆ ಎಳೆದನು.

ನಮ್ಮ ಸೀಮೆಯನ್ನು ನೋಡಿರಿ. ವಿಜಯಪುರವು ಗೋಡೆಯುಳ್ಳ ಪಟ್ಟಣ; ಆದಿಲಶಾಹಿ ಅರಸರು ಕಟ್ಟಿಸಿದ ಕೋಟೆ ಇಂದಿಗೂ ನಿಂತಿದೆ. ಅದರ ಸಮೀಪದ ಇಟ್ಟಂಗಿಹಾಳವು ಗೋಡೆಯಿಲ್ಲದ ಹಳ್ಳಿ. ಹೆಸರಿನಲ್ಲಿಯೇ ಇಟ್ಟಂಗಿ ಕೇಳಿಸುತ್ತದೆ. ಆದರೆ ಬರೀ ಇಟ್ಟಂಗಿಯಿಂದ ಮನೆಯಾಗದು, ಇಡುವದಕ್ಕೆ ಜಾಗ ಬೇಕು. ಈಗ ಪಟ್ಟಣದ ಮೇರೆಯನ್ನು ಕಲ್ಲಿನ ಗೋಡೆ ತೋರಿಸುವದಿಲ್ಲ, ನಕಾಶೆಯ ಬಣ್ಣ ತೋರಿಸುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನಿನ ಮೇರೆಗೆ ಮಹಾಯೋಜನೆ ಮಾಡಿ, ವಾಸಕ್ಕೆ ಇಂಥ ಭೂಮಿ, ಒಕ್ಕಲುತನಕ್ಕೆ ಇಂಥ ಭೂಮಿ ಎಂದು ಗೊತ್ತುಮಾಡುತ್ತಾರೆ. ಗಾವಠಾಣದ ಹೊರಗಿನ ಹೊಲದಲ್ಲಿ ಮನೆಗಳ ಪ್ಲಾಟು ಹಾಕಬೇಕಾದರೆ ಬಿನ್‌ಶೇತ್ಕಿ ಮಾಡಿಸಬೇಕು. 2020ರಲ್ಲಿ ಭೂಸುಧಾರಣೆಯ ಕಾನೂನನ್ನು ತಿದ್ದಿದ ಮೇಲೆ, ಒಕ್ಕಲುತನ ಮಾಡದವರೂ ಹೊಲಗಳನ್ನು ಕೊಳ್ಳಬಹುದಾಯಿತು. ಹಣವುಳ್ಳವನು ಕಚೇರಿಗಳಿಗೆ ಅಲೆದು ಅಪ್ಪಣೆ ತರುವನು. ಕೂಲಿಯವನ ಗುಡಿಸಲಿಗೆ ಉತಾರವೇ ಇರುವದಿಲ್ಲ.

ಗೆರೆಯೇ ಪಾಪವೆಂದು ನಾನು ಹೇಳೆನು. ಲೇವಿಯರ ಊರುಗಳ ಸುತ್ತಲೂ ದನಗಳಿಗಾಗಿ ಭೂಮಿಯನ್ನು ಮೊಳಗಳಿಂದ ಅಳೆದು ಬಿಡಬೇಕೆಂದು ಅರಣ್ಯಕಾಂಡದ 35ನೆಯ ಅಧ್ಯಾಯದಲ್ಲಿ ಅಪ್ಪಣೆಯುಂಟು. ಹೊಸ ಮನೆಯ ಮಾಳಿಗೆಗೆ ಯಾರೂ ಬಿದ್ದು ಸಾಯದ ಹಾಗೆ ಸುತ್ತುಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡದಲ್ಲಿ ಹೇಳಿದೆ. ಮನೆ ಕಟ್ಟುವ ನಿಯಮಕ್ಕೆ ದೇವರ ಮುದ್ರೆ ಬಿದ್ದಂತಾಯಿತಲ್ಲವೇ? ಹಳ್ಳದ ಪಾತ್ರದಲ್ಲಿ ಪ್ಲಾಟು ಮಾರುವವರನ್ನು ಕಾನೂನು ತಡೆದರೆ ಒಳ್ಳೇದೇ. ಆದರೆ ಯೆಶಾಯನು ತನ್ನ 5ನೆಯ ಅಧ್ಯಾಯದಲ್ಲಿ ಅಯ್ಯೋ ಎಂದು ಗೋಳಾಡಿದ್ದು, ಮನೆಗೆ ಮನೆಯನ್ನೂ ಹೊಲಕ್ಕೆ ಹೊಲವನ್ನೂ ಕೂಡಿಸುತ್ತಾ ಹೋಗಿ ಕಡೆಗೆ ಬೇರೊಬ್ಬನಿಗೆ ಸ್ಥಳವೇ ಇಲ್ಲದಂತೆ ಮಾಡುವವರ ವಿಷಯವಾಗಿಯೇ. ಯಾವ ಗೆರೆಯನ್ನು ನೋಡಿದರೂ ಅದು ಯಾರನ್ನು ಕಾಯುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳಬೇಕು.

ಗೆರೆಯ ಹೊರಗಿದ್ದವರು ಎಷ್ಟು ಮಂದಿ ಎಂಬುದಕ್ಕೆ ತಾಂಡೆಗಳೇ ಸಾಕ್ಷಿ. ಲಂಬಾಣಿಗರು ತಲತಲಾಂತರದಿಂದ ವಾಸವಾಗಿದ್ದ ತಾಂಡೆಗಳು ಸರಕಾರದ ದಫ್ತರಿನಲ್ಲಿ ಊರುಗಳೇ ಆಗಿರಲಿಲ್ಲ. ಹೀಗೆ ದಾಖಲೆಯಿಲ್ಲದ 1,475 ವಸತಿಗಳನ್ನು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಎಂಬ ಐದು ಜಿಲ್ಲೆಗಳಲ್ಲಿ ಕಂದಾಯ ಗ್ರಾಮಗಳೆಂದು ಸಾರಿದರು. 2023ನೆಯ ಜನವರಿ 19ರಂದು ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯ ನಡೆಯಿತು. ಅಷ್ಟು ವರುಷ ಆ ತಾಯಂದಿರು ಸಾರಿಸಿದ ನೆಲವು ಕಾಗದದಲ್ಲಿ ಅವರದಾಗಿರಲಿಲ್ಲ.

ಈಗ ನಮ್ಮ ಸ್ವಂತ ಮಾತು. ಇದು ಕಿವಿಗೆ ಕಹಿಯಾದೀತು. ಬಡವರಿಗೆ ಮನೆ ಕಟ್ಟಿಸುವ ಯೋಜನೆಗಳಲ್ಲಿ ಹೆಸರು ಆರಿಸುವದು ಗ್ರಾಮಸಭೆಯಲ್ಲಿ. ನಮ್ಮ ಓಣಿಯ ಮಗ್ಗುಲಲ್ಲಿ ಜಾಗ ಕೊಡುವ ಮಾತು ಬಂದಾಗ, ಆ ಜನ ಇಲ್ಲಿ ಬೇಡ, ನಮ್ಮ ಪ್ಲಾಟಿನ ಬೆಲೆ ಇಳಿದೀತು ಎಂದು ಎದ್ದುನಿಲ್ಲುವವರಲ್ಲಿ ವಿಶ್ವಾಸಿಗಳೂ ಇರಬಹುದೋ? ಇರಬಾರದು. ನಮ್ಮಲ್ಲಿ ಅನೇಕರ ಅಜ್ಜ ಅಮ್ಮಂದಿರು ಊರ ಹೊರಗಿನ ಕೇರಿಯವರೇ. ಬಾವಿಯ ಬಳಿ ದೂರ ನಿಂತು ಕೊಡಕ್ಕೆ ನೀರು ಹೊಯ್ಯಿಸಿಕೊಂಡವರು. ಮಿಷನ್ನಿನವರು ಕೊಟ್ಟ ಜಾಗದಲ್ಲಿ ಮೊದಲ ಗೋಡೆ ಎಬ್ಬಿಸಿದ ಕುಟುಂಬಗಳು ನಮ್ಮ ಸಭೆಗಳಲ್ಲಿ ಇವೆ. ಆ ಜಾಗಕ್ಕೆ ಅವರು ಬೆಲೆ ಕೊಟ್ಟಿದ್ದರೇ? ಒಳಗೆ ಬಂದವನು ಬಾಗಿಲಿಗೆ ಅಗುಳಿ ಹಾಕುವದನ್ನು, ತಲೆಯಿಡಲು ಸ್ಥಳವಿಲ್ಲದೆ ತಿರುಗಿದ ನಮ್ಮ ಕರ್ತನು ನೋಡದೆ ಇರುವನೇ?

ಹೊರಗಿರುವವರಿಗೂ ಒಂದು ಮಾತುಂಟು. ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ, ಆದಕಾರಣ ಅವನ ಐದು ಮಂದಿ ಹೆಣ್ಣುಮಕ್ಕಳಿಗೆ ಭೂಮಿಯಲ್ಲಿ ಪಾಲು ಇಲ್ಲದೆ ಹೋಗುವದರಲ್ಲಿತ್ತು. ಅವರು ಗುಡಾರದಲ್ಲಿ ಕೂತು ಅಳಲಿಲ್ಲ. ರಾತ್ರಿಯಲ್ಲಿ ಮತ್ತೊಬ್ಬನ ಹೊಲವನ್ನು ಒತ್ತಲಿಲ್ಲ. ದಲಾಲನ ಕೈಬಿಸಿ ಮಾಡಲಿಲ್ಲ. ಮೋಶೆಯೂ ಯಾಜಕನೂ ಸಮೂಹವೆಲ್ಲವೂ ಕೇಳುವ ಹಾಗೆ ದೇವದರ್ಶನದ ಗುಡಾರದ ಬಾಗಿಲಲ್ಲಿ ನಿಂತು ಮಾತಾಡಿದರು. ಮೋಶೆಗೆ ಕೂಡಲೇ ಉತ್ತರ ತಿಳಿಯಲಿಲ್ಲ. ಅವನು ಯೆಹೋವನನ್ನು ಕೇಳಿದನು. ಆ ಹೆಣ್ಣುಮಕ್ಕಳು ಹೇಳಿದ್ದೇ ಸರಿಯೆಂದು ದೇವರು ಒಪ್ಪಿ, ಕಾನೂನನ್ನೇ ಅವರ ನಿಮಿತ್ತ ವಿಸ್ತರಿಸಿದನು.

ಆದದರಿಂದ ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ, ಓದಬಲ್ಲ ಯೌವನಸ್ಥರು ಅದನ್ನು ನೋಡಿ ಸಭೆಯವರಿಗೆ ತಿಳಿಸಲಿ. ಹಕ್ಕುಪತ್ರ ಬಂದಾಗ ಅದರಲ್ಲಿ ಹೆಂಡತಿಯ ಹೆಸರೂ ಬೀಳಲಿ. ಬರುವ ಗ್ರಾಮಸಭೆಗೆ ಮುಂಚೆ, ಓದುಬಾರದ ವಿಧವೆಯ ಅರ್ಜಿಯನ್ನು ಅವಳು ಯಾವ ಜಾತಿಯವಳೆಂದು ಕೇಳದೆ ಬರೆದುಕೊಟ್ಟು, ಸಂಗಡ ಹೋಗಿ, ಅವಳ ಹೆಸರು ಪಟ್ಟಿಯಲ್ಲಿ ಬರುವ ತನಕ ಕೂತು ಬರುವ ಹಿರಿಯನೊಬ್ಬನನ್ನು ಪ್ರತಿ ಸಭೆಯವರು ಈ ತಿಂಗಳೇ ನೇಮಿಸಲಿ.