ಬಿಚ್ಚಿ ಜೋಡಿಸಬಹುದಾದ ಕಾರು

ಮಾಡೆಲ್ ಟಿ ಕಾರನ್ನು ಓಡಿಸಲು ಇವತ್ತಿನ ಡ್ರೈವಿಂಗ್ ಕಲಿಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕಾಲಡಿ ಮೂರು ಪೆಡಲ್‌ಗಳಿವೆ, ಆದರೆ ಅವುಗಳ ಕೆಲಸವೇ ಬೇರೆ. ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು. ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ವೇಗ ಹೆಚ್ಚಿಸುವುದು ಸ್ಟಿಯರಿಂಗ್ ಕೆಳಗಿನ ಪುಟ್ಟ ಲಿವರ್‌ನಿಂದ. ಪೆಟ್ರೋಲ್ ಮೇಲೆತ್ತುವ ಪಂಪ್ ಇಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ಅದು ತಾನಾಗಿಯೇ ಎಂಜಿನ್ನಿಗೆ ಇಳಿದು ಬರಬೇಕು. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಎದುರಾದರೆ, ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು. ಬಹುಕಾಲ ಇದನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು.

ಇಷ್ಟೆಲ್ಲ ಕಾಟ ಕೊಡುವ ಕಾರನ್ನು 1999ರಲ್ಲಿ ಅಂತರರಾಷ್ಟ್ರೀಯ ತೀರ್ಪುಗಾರರು 'ಶತಮಾನದ ಕಾರು' ಎಂದು ಆರಿಸಿದರು. ಇದರ ತಯಾರಿಕೆ 1927ರಲ್ಲೇ ನಿಂತಿದ್ದರೂ ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಇದನ್ನು ಓಡಿಸುವವರ ಸಂಘಗಳಿವೆ. ವಾರಾಂತ್ಯದಲ್ಲಿ ಇದರ ಕೆಳಗೆ ಮಲಗಿ ಕೈ ಎಣ್ಣೆ ಮಾಡಿಕೊಳ್ಳುವ ಜನರಿದ್ದಾರೆ.

ನಾನು ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮನುಷ್ಯರಿಗೂ ಅವರು ಬಳಸುವ ವಸ್ತುಗಳಿಗೂ ಇರುವ ನೈತಿಕ ಸಂಬಂಧ ನನ್ನ ವಿಷಯ. ಈ ಕಾರಿನ ಮೇಲಿನ ಪ್ರೀತಿಯನ್ನು ಬರೀ ಹಳೆಯದರ ಹಂಬಲ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಹಳೆಯ ಕಾರುಗಳು ಬೇಕಾದಷ್ಟಿವೆ, ಇದಕ್ಕಿಂತ ಚೆಂದದವೂ ಇವೆ. ಜನ ಇದನ್ನು ಹಚ್ಚಿಕೊಂಡಿರುವುದು ಇದು ಅರ್ಥವಾಗುತ್ತದೆ ಎನ್ನುವ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಹಾಗಿದ್ದರೆ ಒಂದು ಪ್ರಶ್ನೆ ಏಳುತ್ತದೆ: ನಾನು ಬಳಸುವ ವಸ್ತುವನ್ನು ಅರ್ಥಮಾಡಿಕೊಳ್ಳುವ ಹಕ್ಕು ನನಗಿದೆಯೇ? ಅದರ ಬೆನ್ನಿಗೇ ಇನ್ನೂ ಕಷ್ಟದ ಪ್ರಶ್ನೆ: ಆ ಹಕ್ಕಿನ ಬೆಲೆಯನ್ನು ಯಾರು ತೆರುತ್ತಾರೆ?

ಹೆನ್ರಿ ಫೋರ್ಡ್‌ನ ಕಂಪನಿ ಈ ಕಾರನ್ನು ಮಾರುಕಟ್ಟೆಗೆ ತಂದದ್ದು 1908ರ ಅಕ್ಟೋಬರ್‌ನಲ್ಲಿ, ಡೆಟ್ರಾಯಿಟ್‌ನಲ್ಲಿ. ನಾಲ್ಕು ಸಿಲಿಂಡರ್, 20 ಅಶ್ವಶಕ್ತಿ, ಗಂಟೆಗೆ ಹೆಚ್ಚೆಂದರೆ 65–70 ಕಿಲೋಮೀಟರ್ ವೇಗ. ಕೆಸರಿನ ಹಾದಿಗೆ ಹೊಂದುವಂತೆ ನೆಲದಿಂದ ಎತ್ತರದಲ್ಲಿ ನಿಂತಿತ್ತು. ಹಗುರವಾದರೂ ಗಟ್ಟಿಯಾದ ವನೇಡಿಯಂ ಉಕ್ಕನ್ನು ಮುಖ್ಯ ಭಾಗಗಳಿಗೆ ಬಳಸಿದ್ದರು. ಆಗ ಕಾರು ಎಂದರೆ ಸಿರಿವಂತರ ಆಟದ ಸಾಮಾನು. ಇದರ ಮೊದಲ ಬೆಲೆಯೂ 800 ಡಾಲರಿಗಿಂತ ಮೇಲೇ ಇತ್ತು. ಆದರೆ 1920ರ ದಶಕದ ನಡುವಿನ ಹೊತ್ತಿಗೆ ಅಗ್ಗದ ಮಾದರಿ 300 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು. ಒಟ್ಟು ಒಂದೂವರೆ ಕೋಟಿ ಕಾರುಗಳು ತಯಾರಾದವು.

ಇದನ್ನು ಕೊಂಡವರಲ್ಲಿ ರೈತರು ಬಹಳ. ಪಟ್ಟಣದ ಮೆಕ್ಯಾನಿಕ್ ಅವರಿಗೆ ಸಿಗುವಂತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕುದುರೆಗಾಡಿಯ ಅಚ್ಚು, ಕೊಯ್ಲಿನ ಯಂತ್ರ ಇವನ್ನೆಲ್ಲ ಸರಿಮಾಡಿಕೊಂಡು ಬಂದ ಕೈಗಳಿಗೆ ಈ ಎಂಜಿನ್ ಅಷ್ಟೇನೂ ಅಪರಿಚಿತವಾಗಿ ಕಾಣಲಿಲ್ಲ. ಸಿಲಿಂಡರ್‌ಗಳ ಮೇಲಿನ ಮುಚ್ಚಳವನ್ನು ಬೋಲ್ಟ್ ಬಿಚ್ಚಿ ಎತ್ತಬಹುದಿತ್ತು, ಒಳಗೆ ಕಟ್ಟಿದ ಮಸಿ ಕೆರೆದು ಮತ್ತೆ ಕೂರಿಸಬಹುದಿತ್ತು. ಒಂದೆರಡು ಪಾನಾ, ಸ್ಕ್ರೂಡ್ರೈವರ್, ಇಕ್ಕಳ ಇದ್ದರೆ ಬಹುಪಾಲು ಕೆಲಸ ಕೊಟ್ಟಿಗೆಯಲ್ಲೇ ಮುಗಿಯುತ್ತಿತ್ತು.

ರೈತರು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಅದಕ್ಕೆ ಬೆಲ್ಟು ಹಾಕಿ ಸೌದೆ ಕೊಯ್ದರು, ಕಾಳು ಬೀಸಿದರು, ನೀರೆತ್ತಿದರು, ಬಟ್ಟೆ ಒಗೆಯುವ ಯಂತ್ರವನ್ನೂ ತಿರುಗಿಸಿದರು. ಕಾರನ್ನೇ ಟ್ರ್ಯಾಕ್ಟರ್ ಮಾಡಿಕೊಳ್ಳಲು ಬೇಕಾದ ಸಾಮಾನುಗಳ ಮಾರುಕಟ್ಟೆಯೇ ಹುಟ್ಟಿಕೊಂಡಿತು. ಇತಿಹಾಸಕಾರ ರೊನಾಲ್ಡ್ ಕ್ಲೈನ್ ಮತ್ತು ಸಮಾಜಶಾಸ್ತ್ರಜ್ಞ ಟ್ರೆವರ್ ಪಿಂಚ್ 1996ರ ಒಂದು ಲೇಖನದಲ್ಲಿ ಈ ರೈತರ ಬಗ್ಗೆ ಬರೆದಿದ್ದಾರೆ. ಕಾರು ಎಂದರೇನು ಎಂದು ತೀರ್ಮಾನಿಸುವುದರಲ್ಲಿ ಕಂಪನಿಯ ಜೊತೆಗೆ ಬಳಸುವವರದ್ದೂ ಪಾಲಿತ್ತು ಎಂಬುದು ಅವರ ವಾದ. ವಸ್ತು ಅರ್ಥವಾದಾಗಲೇ ಅದನ್ನು ಇನ್ನೊಂದಾಗಿಸುವ ಧೈರ್ಯ ಬರುತ್ತದೆ.

ಈಗ ಇದೇ ಕಾರು ಹುಟ್ಟುತ್ತಿದ್ದ ಜಾಗಕ್ಕೆ ಹೋಗೋಣ. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ, 1913. ಚಿಕಾಗೋದ ಕಸಾಯಿಖಾನೆಗಳಲ್ಲಿ ಕೊಕ್ಕೆಗೆ ನೇತುಹಾಕಿದ ಪ್ರಾಣಿಯ ದೇಹ ಸಾಲಾಗಿ ಸಾಗುತ್ತಾ ಒಬ್ಬೊಬ್ಬ ಕೆಲಸಗಾರನ ಮುಂದೆ ತುಂಡಾಗುತ್ತಾ ಹೋಗುತ್ತಿತ್ತು. ಫೋರ್ಡ್‌ನವರು ಅದನ್ನು ತಿರುವುಮುರುವು ಮಾಡಿದರು: ತುಂಡುಗಳು ಸಾಗುತ್ತಾ ಸಾಗುತ್ತಾ ಒಂದು ದೇಹವಾಗಬೇಕು. ಅದೇ ಅಸೆಂಬ್ಲಿ ಲೈನ್, ಚಲಿಸುವ ಜೋಡಣಾ ಸಾಲು. ಮೊದಲು ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಎಂಬ ಭಾಗದಲ್ಲಿ ಪ್ರಯೋಗ ನಡೆಯಿತು. ಒಬ್ಬನೇ ಕೂತು ಜೋಡಿಸಿದಾಗ ಸುಮಾರು 20 ನಿಮಿಷ ಹಿಡಿಯುತ್ತಿದ್ದ ಕೆಲಸ, ಹಲವರಿಗೆ ಹಂಚಿ ಸಾಲಿನಲ್ಲಿ ಮಾಡಿಸಿದಾಗ 13 ನಿಮಿಷಕ್ಕೆ, ಮುಂದೆ 5 ನಿಮಿಷಕ್ಕೆ ಇಳಿಯಿತು. ಇಡೀ ಚಾಸಿಯ ಜೋಡಣೆಗೆ ಬೇಕಿದ್ದ ಹನ್ನೆರಡೂವರೆ ಗಂಟೆ 1914ರ ಹೊತ್ತಿಗೆ 93 ನಿಮಿಷವಾಯಿತು.

ಅಂಕಿಗಳು ಹೀಗೆ ಇಳಿಯುವಾಗ ಏರಿದ ಅಂಕಿಯೂ ಒಂದಿದೆ. 1913ರಲ್ಲಿ ಆ ಕಾರ್ಖಾನೆಯಲ್ಲಿ ಕೆಲಸಗಾರರ ಬದಲಾವಣೆಯ ಪ್ರಮಾಣ ಶೇಕಡ 370. ನೂರು ಜಾಗಗಳನ್ನು ತುಂಬಿಟ್ಟುಕೊಳ್ಳಲು ವರ್ಷಕ್ಕೆ ಮುನ್ನೂರ ಎಪ್ಪತ್ತು ಜನರನ್ನು ನೇಮಿಸಿಕೊಳ್ಳಬೇಕಿತ್ತು ಎಂದರ್ಥ. ಜನ ಬರುತ್ತಿದ್ದರು, ಕೆಲವು ದಿನ ಒಂದೇ ನಟ್ಟನ್ನು ಬಿಗಿಯುತ್ತಿದ್ದರು, ಎದ್ದು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಎಂದು ಘೋಷಿಸಿದ. ಅದು ಹಿಂದಿನ ಕೂಲಿಯ ಎರಡು ಪಟ್ಟಿಗಿಂತ ಹೆಚ್ಚು. ದುಡಿಮೆಯ ಅವಧಿ ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಯಿತು. ಅದನ್ನು ಔದಾರ್ಯ ಎಂದು ಜಗತ್ತು ಹೊಗಳಿತು. ಆ ದುಡ್ಡಿನಲ್ಲಿ ಸರಿಸುಮಾರು ಅರ್ಧಭಾಗ ಲಾಭದ ಪಾಲಿನ ಹೆಸರಿನಲ್ಲಿ ಸಿಗುತ್ತಿತ್ತು, ಸಿಗಬೇಕಾದರೆ ಷರತ್ತುಗಳಿದ್ದವು. ಕಂಪನಿಯ 'ಸಮಾಜಶಾಸ್ತ್ರ ವಿಭಾಗ'ದವರು ಕೆಲಸಗಾರರ ಮನೆಗೇ ಹೋಗಿ ಕುಡಿತ ಇದೆಯೇ, ಉಳಿತಾಯ ಇದೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ನೋಡಿ ಬರುತ್ತಿದ್ದರು. ಬೇಸರ ಹುಟ್ಟಿಸುವ ಕೆಲಸಕ್ಕೆ ಜನರನ್ನು ಹಿಡಿದಿಡಲು ಕೊಟ್ಟ ಬೆಲೆ ಅದು.

ಇಲ್ಲಿ ಹೆಚ್ಚಿನವರು ಎರಡು ಬೇರೆ ಕಥೆಗಳನ್ನು ಹೇಳುತ್ತಾರೆ. ಕಾರನ್ನು ಪ್ರೀತಿಸುವವರು ರೈತನ ಕಥೆ ಹೇಳುತ್ತಾರೆ, ಸಮಾಜವಿಜ್ಞಾನದ ನಮ್ಮಂಥ ವಿದ್ಯಾರ್ಥಿಗಳು ಕಾರ್ಖಾನೆಯ ಕಥೆ ಹೇಳುತ್ತೇವೆ. ಒಂದರಲ್ಲಿ ಬಿಡುಗಡೆ, ಇನ್ನೊಂದರಲ್ಲಿ ಬಂಧನ. ಆದರೆ ಎರಡರ ಬೇರೂ ಒಂದೇ. ಫೋರ್ಡ್‌ನ ಸಾಲು ನಡೆಯಬೇಕಾದರೆ ಬಿಡಿಭಾಗಗಳೆಲ್ಲ ಅಚ್ಚುಕಟ್ಟಾಗಿ ಒಂದೇ ಅಳತೆಯಲ್ಲಿರಬೇಕಿತ್ತು. ಅದಕ್ಕೂ ಮುಂಚೆ ಕಾರು ಜೋಡಿಸುವಾಗ ನುರಿತ ಫಿಟ್ಟರ್‌ಗಳು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ ಹೊಂದಿಸಬೇಕಿತ್ತು. ಅಳತೆ ಒಂದೇ ಆದಾಗ ಆ ಕೈಚಳಕ ಕಾರ್ಖಾನೆಗೆ ಬೇಡವಾಯಿತು. ಯಾರು ಬೇಕಾದರೂ ಬಂದು ಬಿಗಿಯಬಹುದು, ಯಾರನ್ನು ಬೇಕಾದರೂ ಕಳಿಸಬಹುದು.

ರೈತನ ಕೊಟ್ಟಿಗೆಗೂ ಫಿಟ್ಟರ್ ಬೇಡವಾದದ್ದು ಇದೇ ಕಾರಣಕ್ಕೆ. ಭಾಗ ಮುರಿಯಿತೇ? ಹೊಸದನ್ನು ತರಿಸಿ ಹಾಕಿದರಾಯಿತು, ತಪ್ಪದೆ ಕೂರುತ್ತದೆ. ಕೆಲಸಗಾರನ ಜಾಣ್ಮೆಯನ್ನು ಅನಗತ್ಯ ಮಾಡಿದ ಅದೇ ಏಕರೂಪತೆ ಮಾಲೀಕನ ಜಾಣ್ಮೆಗೆ ಎಡೆ ಮಾಡಿಕೊಟ್ಟಿತು. ಒಂದು ಕೈಯಿಂದ ಕಸಿದ ಅರಿವು ಇನ್ನೊಂದು ಕೈ ಸೇರಿತು. ಕಾರನ್ನು ಮಾಡುವವನಿಗೆ ಅದರ ಒಂದು ನಟ್ಟು ಮಾತ್ರ ಗೊತ್ತು, ಕೊಂಡವನಿಗೆ ಇಡೀ ಕಾರು ಗೊತ್ತು. ಆದ್ದರಿಂದ, ಕಾರನ್ನು ಮೆಚ್ಚುತ್ತೇನೆ ಆದರೆ ಕಾರ್ಖಾನೆಯನ್ನು ಒಪ್ಪುವುದಿಲ್ಲ ಎಂಬ ಸಲೀಸಾದ ಉತ್ತರ ನಮಗೆ ದಕ್ಕುವುದಿಲ್ಲ. ನಾವು ಮೆಚ್ಚುವ ಗುಣ ಆ ಕಾರ್ಖಾನೆಯಲ್ಲೇ ಹುಟ್ಟಿದ್ದು.

ಈ ಇಕ್ಕಟ್ಟನ್ನು ನಮ್ಮಲ್ಲಿ ಒಬ್ಬರು ಆಗಲೇ ಎದುರಿಸಿದ್ದರು. 1924ರಲ್ಲಿ ಯಂತ್ರಗಳ ಕುರಿತ ಒಂದು ಸಂವಾದದಲ್ಲಿ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಮಾಡಿದ ಯಂತ್ರ ಅದು ಎಂಬುದು ಅವರ ಸಮರ್ಥನೆ. ಎದುರಿಗಿದ್ದವರು ಬಿಡಲಿಲ್ಲ: ಹೊಲಿಗೆ ಯಂತ್ರ ಬೇಕೆಂದರೆ ಅದನ್ನು ತಯಾರಿಸುವ ದೊಡ್ಡ ಕಾರ್ಖಾನೆಯೂ ಬೇಕಲ್ಲವೇ? ಗಾಂಧೀಜಿ ಒಪ್ಪಿಕೊಂಡರು. ಅಂಥ ಕಾರ್ಖಾನೆ ಸರ್ಕಾರದ ಹಿಡಿತದಲ್ಲಿರಬೇಕು, ಅಲ್ಲಿನ ಕೆಲಸ ಮನುಷ್ಯರಿಗೆ ಹಿತವಾಗುವ ಸ್ಥಿತಿಯಲ್ಲಿ ನಡೆಯಬೇಕು, ಲಾಭದ ಆಸೆಗಾಗಿ ನಡೆಯಬಾರದು ಎಂದರು.

ನಮ್ಮಮ್ಮ ತನ್ನ ಹೊಲಿಗೆ ಯಂತ್ರಕ್ಕೆ ತಾನೇ ಎಣ್ಣೆ ಬಿಡುತ್ತಾಳೆ. ಬೆಲ್ಟು ಸಡಿಲವಾದರೆ ಒಂದಿಷ್ಟು ಕತ್ತರಿಸಿ ಮತ್ತೆ ಕೊಂಡಿ ಸಿಕ್ಕಿಸುತ್ತಾಳೆ. ನೂಲು ಬಿಗಿಯಾಗಿ ಬರುತ್ತಿದೆಯೋ ಸಡಿಲವೋ ಎಂದು ಶಬ್ದದಲ್ಲೇ ಹೇಳುತ್ತಾಳೆ. ಯಂತ್ರಗಳ ವಿಷಯದಲ್ಲಿ ಅವಳಿಗೆ ಅಳುಕಿಲ್ಲ. ಗಾಂಧೀಜಿಯ ಮೊದಲ ಉತ್ತರ ಅವಳ ಪರವಾಗಿದೆ. ಎರಡನೆಯ ಉತ್ತರ ಆ ಯಂತ್ರವನ್ನು ಎರಕ ಹೊಯ್ದವರ ಪರ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ಮಾಡೆಲ್ ಟಿ ಸೋತದ್ದು ಕೆಟ್ಟುಹೋಗಿ ಅಲ್ಲ, ಬದಲಾಗದೆ. 1914ರಿಂದ 1925ರವರೆಗೆ ಅದು ಕಪ್ಪು ಬಣ್ಣವೊಂದರಲ್ಲೇ ಬಂತು. ಅಷ್ಟರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಆಲ್ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದಿದ್ದ: ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಕಾರು, ವರ್ಷ ವರ್ಷ ಹೊಸ ರೂಪ, ಕಂತಿನಲ್ಲಿ ಸಾಲ. ಇರುವ ಕಾರು ಓಡುತ್ತಿದ್ದರೂ ಹಳತಾಯಿತು ಅನ್ನಿಸಬೇಕು. ಹಾಗನ್ನಿಸಿದವನಿಗೆ ಅದನ್ನು ಬಿಚ್ಚಿ ನೋಡುವ ಆಸಕ್ತಿ ಉಳಿಯುವುದಿಲ್ಲ. 1927ರ ಮೇ ತಿಂಗಳಲ್ಲಿ ಫೋರ್ಡ್ ಸೋಲೊಪ್ಪಿದ. ಮಾಡೆಲ್ ಟಿ ಎಂಜಿನ್ನುಗಳನ್ನು ಮಾತ್ರ 1941ರವರೆಗೂ ಮಾಡಬೇಕಾಯಿತು. ರಸ್ತೆಗಳಲ್ಲಿ, ಹೊಲಗಳಲ್ಲಿ ಅಷ್ಟು ಕಾರುಗಳು ಇನ್ನೂ ಬದುಕಿದ್ದವು.

ಈಗ ನಾವು ಬಂದು ನಿಂತಿರುವುದು ಮೂರನೆಯ ಸ್ಥಿತಿಗೆ. ನನ್ನ ಫೋನಿನ ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿದ್ದಾರೆ. ಜೋಡಿಸಿದ ಕಾರ್ಮಿಕರಿಗೂ ಅದು ಪೂರ್ತಿ ಗೊತ್ತಿಲ್ಲ, ಬಳಸುವ ನನಗೂ ಗೊತ್ತಿಲ್ಲ. ಕಸಿದ ಅರಿವು ಈ ಸಲ ಯಾರ ಕೈಗೂ ಬರಲಿಲ್ಲ, ಕಂಪನಿಯ ಬೀಗದೊಳಗೆ ಉಳಿಯಿತು. ಮಾಡೆಲ್ ಟಿಯನ್ನು ಟ್ರ್ಯಾಕ್ಟರ್ ಮಾಡಿಕೊಂಡ ರೈತರ ಮೊಮ್ಮಕ್ಕಳ ಕಾಲದಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ರಿಪೇರಿ ಮಾಡಲಾಗದ ಸ್ಥಿತಿ ಬಂತು. 2023ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಕೃಷಿಯಂತ್ರಗಳನ್ನು ರಿಪೇರಿ ಮಾಡಿಕೊಳ್ಳುವ ರೈತರ ಹಕ್ಕಿಗೆಂದೇ ಕಾನೂನು ಮಾಡಬೇಕಾಯಿತು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ಎಲ್ಲವನ್ನೂ ಎಲ್ಲರೂ ಅರಿಯಬೇಕು ಅನ್ನುವುದು ಪುರುಸೊತ್ತಿದ್ದವರ ಆದರ್ಶವಲ್ಲವೇ? ಕೆಸರಿನಲ್ಲಿ ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಂಡವರಿಗೆ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಕಾರು ವರವೇ ಸರಿ. ನನಗೂ ಫ್ರಿಜ್ಜಿನ ಒಳಗುಟ್ಟು ತಿಳಿಯುವ ಆಸೆಯಿಲ್ಲ. ಆದರೆ ತಿಳಿಯದಿರುವುದರಲ್ಲಿ ಎರಡು ಬಗೆ. ಬಾಗಿಲು ತೆರೆದಿದೆ, ನಾನು ಒಳಗೆ ಹೋಗಿಲ್ಲ ಎನ್ನುವುದು ಒಂದು. ಬಾಗಿಲಿಗೆ ಬೀಗ ಹಾಕಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಾನು ಹೋಗದಿದ್ದರೂ ಬೀದಿ ಬದಿಯ ಮೆಕ್ಯಾನಿಕ್ ಹೋಗಬಹುದು, ಪಕ್ಕದ ಮನೆಯ ಹುಡುಗಿ ಹೋಗಬಹುದು. ಹಕ್ಕು ಎನ್ನುವುದು ಈ ತೆರೆದ ಬಾಗಿಲಿಗೆ ಸಂಬಂಧಿಸಿದ್ದು. ಅರ್ಥಮಾಡಿಕೊಳ್ಳುವುದು ಎಲ್ಲರ ಕರ್ತವ್ಯವಲ್ಲ, ಆದರೆ ಅರ್ಥವಾಗದಂತೆ ಮುಚ್ಚಿಡುವುದು ಅನ್ಯಾಯ.

ಇಷ್ಟು ಹೇಳಿದ ಮೇಲೂ ಅರ್ಧ ಲೆಕ್ಕ ಬಾಕಿ ಉಳಿಯುತ್ತದೆ. ಇವತ್ತು ರಿಪೇರಿಯ ಹಕ್ಕಿಗಾಗಿ ನಡೆಯುವ ಚರ್ಚೆಗಳೆಲ್ಲ ಕೊಂಡವರ ಪರ. ಮಾಡುವವರಿಗೆ ತಾವು ಮಾಡುವುದೇನೆಂದು ತಿಳಿಯುವ ಹಕ್ಕಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೈಲ್ಯಾಂಡ್ ಪಾರ್ಕ್‌ನ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳುತ್ತೇನೆ. ಐದು ಡಾಲರ್ ಕೂಲಿಯಲ್ಲಿ ಉಳಿಸಿ ಅವನೂ ಒಂದು ಮಾಡೆಲ್ ಟಿ ಕೊಂಡಿದ್ದಾನೆ. ಭಾನುವಾರ ಮನೆಯ ಮುಂದೆ ಬಾನೆಟ್ ಎತ್ತಿ ಒಂದೊಂದೇ ಭಾಗ ಬಿಚ್ಚುತ್ತಿದ್ದಾನೆ. ವಾರವಿಡೀ ತಾನು ಬಿಗಿದ ನಟ್ಟು ಯಾವುದನ್ನು ಹಿಡಿದುಕೊಂಡಿದೆ ಎಂದು ಅವನಿಗೆ ಅವತ್ತು ಗೊತ್ತಾಗುತ್ತದೆ. ತನ್ನ ಕೆಲಸದ ಅರ್ಥ ತಿಳಿಯಲು ಅವನು ಅದನ್ನು ಕಾಸು ಕೊಟ್ಟು ಕೊಳ್ಳಬೇಕಾಯಿತು. ಸೋಮವಾರ ಬೆಳಗ್ಗೆ ಮತ್ತೆ ಅದೇ ಸಾಲು, ಅದೇ ನಟ್ಟು.